ಭಟ್ಟರ ಹ್ಯಾಂಡಲ್ಲು, ಪೊರ್ಬುಗಳ ವಯರು

ಹೋದ ಭಾನುವಾರ ಸಂಜೆ ನಮ್ಮ ಅಂಗಳದಲ್ಲಿ ಇಬ್ಬರು ಮರ್ಯಾದಸ್ಥ ಗಂಡಸರು ಒಬ್ಬರಾದ ಮೇಲೆ ಒಬ್ಬರಂತೆ ಒಂದು ಮೋಟಾರ್ ಸೈಕಲ್ಲನ್ನು ಒದೆಯುತ್ತಿದ್ದರು.

ಒಬ್ಬರು ನಮ್ಮ ಯಜಮಾನರು. ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರು. ಇನ್ನೊಬ್ಬರು ಬೇಲಿಯಾಚೆಯ ಲಾರೆನ್ಸ್ ಪೊರ್ಬುಗಳು, ಹಂಪನಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. (ನಮ್ಮ ಮಂಗಳೂರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ, ಅವರ ಹೆಂಗಸರನ್ನು ಬಾಯಿ ಎನ್ನುತ್ತೇವೆ. ಘಟ್ಟದ ಮೇಲಿನ ಓದುಗರಿಗಾಗಿ ಈ ಮಾತು.)

ಒದೆ ತಿನ್ನುತ್ತಿದ್ದ ಗಾಡಿಯ ಪರಿಚಯ ನಿಮಗೆ ಇದ್ದೇ ಇದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಯಾರ್ಯಾರದೋ ಕೈ ದಾಟಿ ಕೊಡಿಯಾಲ್‌ಬೈಲಿನ ನಮ್ಮ ಮನೆ ಸೇರಿದ್ದು. ಅದರ ಸದ್ದಿಗೆ ಹೆದರಿ ಹಿಂದಿನ ಮನೆಯ ಹಸು ಹಾಲು ಕೊಡದೆ ನಿಂತ ಕಥೆಯನ್ನು ಇದೇ ಅಂಕಣದಲ್ಲಿ ಬರೆದಿದ್ದೆ. ಆ ಹಸುವಿಗೆ ಭಾನುವಾರ ಸಂಜೆ ಪೂರ್ತಿ ನೆಮ್ಮದಿ. ಗಾಡಿ ‘ಕೆಮ್’ ಎಂದು ಕೂಡ ಕೆಮ್ಮಲಿಲ್ಲ.

ಬೆಳಿಗ್ಗೆ ಸರಿಯಾಗಿಯೇ ಇತ್ತಲ್ಲ? ಇತ್ತು. ಮಧ್ಯಾಹ್ನ ಊಟವಾದ ಮೇಲೆ ಇವರಿಬ್ಬರೂ ಸೇರಿ ಅದರ ಹ್ಯಾಂಡಲ್ಲನ್ನು ಎತ್ತರ ಮಾಡಿದರು. ಆಮೇಲೆ ಇಲ್ಲ.

ಹ್ಯಾಂಡಲ್ ಎತ್ತರ ಮಾಡುವ ಅಗತ್ಯವೇನಿತ್ತು? ಅದನ್ನು ಹೇಳದಿದ್ದರೆ ಇಡೀ ಸಂಗತಿ ಇಬ್ಬರು ಗಂಡಸರ ಭಾನುವಾರದ ಹುಡುಗಾಟವಾಗಿ ಕಾಣುತ್ತದೆ. ಅದು ಹುಡುಗಾಟವಾಗಿರಲಿಲ್ಲ.

ಬಜಪೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ನಮ್ಮ ಕುಟುಂಬದವರು ಪೂಜೆ ಮಾಡುವ ಒಂದು ಸಣ್ಣ ದೇವಸ್ಥಾನವಿದೆ. ಒಂದು ತಿಂಗಳು ದೊಡ್ಡ ಭಾವನವರ ಮನೆಯವರದು, ಒಂದು ತಿಂಗಳು ನಮ್ಮದು. ಈ ತಿಂಗಳು ನಮ್ಮ ಸರದಿ. ಮುಂಜಾನೆಯ ಪೂಜೆ ಮುಗಿಸಿ ಶಾಲೆಯ ಗಂಟೆಗೆ ಸರಿಯಾಗಿ ವಾಪಸು ಬರಬೇಕು. ಅಷ್ಟು ಬೇಗ ಬಸ್ಸಿಲ್ಲ. ಆದ್ದರಿಂದಲೇ ಈ ಗಾಡಿ. ಕಚ್ಚೆ ಕಟ್ಟಿ, ಜುಟ್ಟಿನ ಮೇಲೆ ಬೈರಾಸು ಸುತ್ತಿ, ಮಡಿಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಇವರು ಹೊರಟರೆ ಓಣಿಯ ಮಕ್ಕಳು ಕೈ ಬೀಸುತ್ತಾರೆ.

ಈ ಸಲ ಭುಜ ಹಿಡಿದುಕೊಂಡಿತು. ಅಂಗಿ ತೆಗೆಯಲು ಕೂಡ ನಾನು ಬೇಕು. ಗಾಡಿಯ ಹ್ಯಾಂಡಲ್ ತಗ್ಗಿನಲ್ಲಿದೆ, ಮುಂದಕ್ಕೆ ಬಗ್ಗಿ ಕೈ ಚಾಚಿಯೇ ಹಿಡಿಯಬೇಕು. ಹೋಗಿ ಬಂದವರು ಜಗಲಿಯ ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದರು. ನೋವು ಎಂದು ಬಾಯಿಬಿಟ್ಟು ಹೇಳಿದವರಲ್ಲ. ನಾನು ಎಣ್ಣೆ ಬಿಸಿ ಮಾಡಿ ತಂದರೆ ಬೇಡ ಎನ್ನುತ್ತಿರಲಿಲ್ಲ, ಅಷ್ಟೇ. ಅದರಿಂದಲೇ ನೋವು ಎಷ್ಟಿದೆ ಎಂದು ತಿಳಿದುಕೊಳ್ಳಬೇಕು.

ಅಂಥ ಒಂದು ಬೆಳಿಗ್ಗೆ ವಾಸು ಬಂದಿದ್ದ. ದೊಡ್ಡ ಭಾವನವರ ಮಗ, ಕೊಟ್ಟಾರದಲ್ಲಿ ಮನೆ, ಪೇಟೆಯಲ್ಲಿ ಆಫೀಸು. ಭಾವ ತೀರಿಕೊಂಡ ಮೇಲೆ ಆ ಮನೆಯ ಸರದಿಯನ್ನು ಅವನೇ ಮಾಡುತ್ತಾನೆ. ಚಿಕ್ಕಪ್ಪನ ಭುಜ ನೋಡಿ, ಕಾಫಿ ಕುಡಿದು, ಚಪ್ಪಲಿ ಮೆಟ್ಟುತ್ತಾ ಹೇಳಿದ: "ಚಿಕ್ಕಪ್ಪ, ಈ ತಿಂಗಳು ನೀವು ಬಿಟ್ಟುಬಿಡಿ. ನಾನು ಉಂಟಲ್ಲ." (ಮನೆಯೊಳಗೆ ನಾವು ಆಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಇವರು "ಹ್ಞೂಂ" ಎಂದರು. ಅವನು ಹೋದ.

ಆ "ಹ್ಞೂಂ" ಎಷ್ಟು ಭಾರದ್ದೆಂದು ನನಗೆ ಮಾತ್ರ ಗೊತ್ತು. ನಮಗಿರುವುದು ಇಬ್ಬರು ಹೆಣ್ಣುಮಕ್ಕಳು. ಇವರ ನಂತರ ಆ ಪೂಜೆ ಹೇಗೂ ವಾಸುವಿನದೇ. ಅದರ ಬಗ್ಗೆ ಇವರಿಗೆ ತಕರಾರಿಲ್ಲ. ಆದರೆ ನಂತರ ಎಂದರೆ ನಂತರ. ಈಗಲೇ ಅಲ್ಲವಲ್ಲ? ಒಮ್ಮೆ ಕೈಬಿಟ್ಟ ಸರದಿಯನ್ನು, ಭುಜ ವಾಸಿಯಾಯಿತು ಕೊಡಪ್ಪ ಎಂದು ಕೇಳಲಾಗುತ್ತದೆಯೇ? ಅದರಲ್ಲಿ ಆದಾಯವೇನೂ ಇಲ್ಲ. ನೈವೇದ್ಯದ ಅನ್ನ, ನಾಲ್ಕು ಬಾಳೆಹಣ್ಣು. ಆದರೆ ಇವರು ಅಪ್ಪನ ಕೈ ಹಿಡಿದುಕೊಂಡು ಮೊದಲು ಮಂತ್ರ ಹೇಳಿದ್ದು ಆ ಗರ್ಭಗುಡಿಯಲ್ಲಿ. ನನ್ನ ಹತ್ತಿರ ಆಡದ ಎಷ್ಟೋ ಮಾತನ್ನು ಅಲ್ಲಿ ಆಡಿ ಬರುತ್ತಾರೆ ಎಂದು ನನ್ನ ಗುಮಾನಿ.

"ಭುಜ ಏಳುವುದಿಲ್ಲವಾದರೆ ಹ್ಯಾಂಡಲ್ ಏಳಲಿ," ಎಂದರು ಮರುದಿನ. ಪೊರ್ಬುಗಳನ್ನು ಕೇಳಿದರು.

ಪೊರ್ಬುಗಳಿಗೆ ಇಂಥದ್ದು ಸಿಕ್ಕಿದರೆ ಹಬ್ಬ. ಪ್ರಾಯದಲ್ಲಿ ಬೊಂಬಾಯಿಯಲ್ಲಿದ್ದವರು, ಭಾವಮೈದುನನ ಗ್ಯಾರೇಜಿನಲ್ಲಿ ಭಾನುವಾರ ಕಳೆದವರು. "ಇದೆಂತ ದೊಡ್ಡ ವಿಷಯ ಭಟ್ರೇ? ಕೆಳಗೆ ಎರಡು ಕಬ್ಬಿಣದ ತುಂಡು, ನಾಲ್ಕು ಬೋಲ್ಟು. ನಿಮ್ಮ ಹ್ಯಾಂಡಲ್ ಎದೆಯ ಮಟ್ಟಕ್ಕೆ ಬರ್ತದೆ. ಸಿಂಹಾಸನದಲ್ಲಿ ಕೂತ ಹಾಗೆ ಹೋಗ್ಬಹುದು ಮಾರಾಯ್ರೆ."

ಪೂಜೆ (ಅವರದು ಇಗರ್ಜಿಯಲ್ಲಿ, ಇವರದು ದೇವಸ್ಥಾನದಲ್ಲಿ), ಊಟ, ನಿದ್ದೆ ಎಲ್ಲ ಮುಗಿಸಿ ಭಾನುವಾರ ಮೂರು ಗಂಟೆಯ ಬಿಸಿಲಿನಲ್ಲಿ ಇಬ್ಬರೂ ಪಾನಾ ಹಿಡಿದು ಕೂತರು. ನನ್ನ ಹಳೆಯ ಸೀರೆಯ ತುಂಡು, ಚಿಮಿಣಿ ಎಣ್ಣೆ, ಒಂದು ಚೊಂಬು ನೀರುಮಜ್ಜಿಗೆ ಸರಬರಾಜಾಯಿತು. ಹ್ಯಾಂಡಲ್ ನಿಜವಾಗಿಯೂ ಎದ್ದು ನಿಂತಿತು. ಇವರು ಹತ್ತಿ ಕೂತು ಹಿಡಿದು ನೋಡಿದರು. ಭುಜಕ್ಕೆ ಎಳೆತವಿಲ್ಲ. ಬಹಳ ದಿನದ ಮೇಲೆ ಆ ಮುಖದಲ್ಲಿ ನಗು ಕಂಡೆ.

ಹ್ಯಾಂಡಲ್ ಏರಿದ್ದರಿಂದ ಎರಡು ತೆಳು ವಯರುಗಳು ಮಾತ್ರ ಗಿಡ್ಡವಾದವು. ಪೊರ್ಬುಗಳು ಅಂಗಡಿಯಿಂದ ಹೊಸ ವಯರು ತಂದಿದ್ದರು. ಎರಡೂ ಕಪ್ಪು. ಒಂದು ಬಲಗಡೆಯಿಂದ ಬಂದು ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು, ಇನ್ನೊಂದು ಎಡಗಡೆಯಿಂದ.

ಅಷ್ಟರಲ್ಲಿ ಬೇಲಿಯಾಚೆಯಿಂದ ಸೆವೆರಿನ್ ಬಾಯಿ ಕರೆದರು. ಅವರ ಮನೆಯಲ್ಲಿ ಕತ್ತಲಾಗುವ ಹೊತ್ತಿಗೆ ತೆರ್ಸ್, ಅಂದರೆ ಮನೆಮಂದಿ ಎಲ್ಲ ಮೊಣಕಾಲೂರಿ ಮಾಡುವ ಜಪಮಾಲೆ. ಅದಕ್ಕೆ ತಡ ಮಾಡುವ ಹಾಗಿಲ್ಲ. ಪೊರ್ಬುಗಳು ಕೈ ಒರೆಸಿಕೊಂಡು ಓಡಿದರು. ಜಗಲಿ ಹತ್ತಿದ ಮೇಲೆ ನೆನಪಾಗಿ ಅಲ್ಲಿಂದಲೇ ಕೂಗಿ ಏನೋ ಹೇಳಿದರು. ಇವರು ಇಲ್ಲಿಂದ "ಆಯ್ತು ಪೊರ್ಬುಗಳೇ" ಎಂದರು. ಒಳಗೆ ಜಪ ಶುರುವಾಯಿತು. ಹೊರಗೆ ಇವರು ಒಂದು ವಯರಿನ ತುದಿಗೆ ನನ್ನ ಸೀರೆಯ ತುಂಡನ್ನು ಗಾಯಕ್ಕೆ ಕಟ್ಟಿದ ಹಾಗೆ ಕಟ್ಟಿದರು. ಇನ್ನೊಂದನ್ನು ಹ್ಯಾಂಡಲಿನ ಬೋಲ್ಟಿನ ಕೆಳಗಿಟ್ಟು, ಪಾನಾದಿಂದ ಬಿಗಿಯಾಗಿ ತಿರುಗಿಸಿದರು. ಅಚ್ಚುಕಟ್ಟಾದ ಕೆಲಸ.

ಆಮೇಲೆ ಕಿಕ್ ಹೊಡೆದರು.

ಪೊರ್ಬುಗಳು ಜಪ ಮುಗಿಸಿ ಬಂದರು. ಪೆಟ್ರೋಲು ನೋಡಿದರು, ಇತ್ತು. ಕಾರ್ಬುರೇಟರಿಗೆ ಬರುತ್ತಿದೆಯೇ ನೋಡಿದರು, ಬರುತ್ತಿತ್ತು. ಪ್ಲಗ್ಗು ಬಿಚ್ಚಿ ನನ್ನ ಹತ್ತಿರ ಕೊಟ್ಟು, "ಅಮ್ಮ, ಸ್ವಲ್ಪ ಕೆಂಡದಲ್ಲಿ ಬಿಸಿ ಮಾಡಿ ಕೊಡಿ," ಎಂದರು. (ನೈವೇದ್ಯ ಬೇಯಿಸುವ ಒಲೆಯಲ್ಲಿ ಪ್ಲಗ್ಗು ಕಾಯಿಸಿದೆ. ಇವರು ನೋಡಿದರೂ ನೋಡದವರ ಹಾಗೆ ನಿಂತರು.) ಓಣಿಯ ಇಳಿಜಾರಿನಲ್ಲಿ ತಳ್ಳಿ ನೋಡಿದರು. ಇಳಿಯುವಾಗ ಸುಲಭವಾಗಿ ಇಳಿಯಿತು. ಮೇಲೆ ತರಲು ನಾಲ್ಕು ಮನೆಯವರು ಬೇಕಾದರು. ತಳ್ಳಿದವರೆಲ್ಲ ಒಂದೊಂದು ಸಲಹೆ ಕೊಟ್ಟರು. ತಳ್ಳದವರು ಎರಡೆರಡು.

ಕೊನೆಗೆ ಪೊರ್ಬುಗಳು ಪ್ಲಗ್ಗನ್ನು ಇಂಜಿನಿನ ಮೇಲೆ ಒರಗಿಸಿಟ್ಟು, ಇವರಿಂದ ಕಿಕ್ ಹೊಡೆಸಿ, ಬಗ್ಗಿ ನೋಡಿದರು. ಕಿಡಿ ಇಲ್ಲ. ಇನ್ನೊಮ್ಮೆ. ಇಲ್ಲ. ಎದ್ದು ನಿಂತು, ಡಾಕ್ಟರರು ಕನ್ನಡಕ ತೆಗೆದು ಹೇಳುವ ಹಾಗೆ ಹೇಳಿದರು:

"ಕಿಡಿ ಕೊಡುವ ಮ್ಯಾಗ್ನೆಟೊ ಹೋಯ್ತು ಭಟ್ರೇ. ಇಲ್ಲಿ ಆಗ್ಲಿಕ್ಕಿಲ್ಲ. ಬೊಂಬಾಯಿಗೆ ಕಳಿಸ್ಬೇಕು."

"ಎಷ್ಟು ಸಮಯ ಹಿಡೀತದೆ?"

"ಒಂದು ತಿಂಗಳು ಅಂತ ಇಟ್ಕೊಳ್ಳಿ."

ಒಂದು ತಿಂಗಳು. ಅಂದರೆ ಸರದಿ ಮುಗಿದ ಹಾಗೆ.

ಇವರು ಗಾಡಿಯನ್ನು ಗೋಡೆಗೆ ಒರಗಿಸಿ, ಮೇಲೆ ಗೋಣಿ ಮುಚ್ಚಿ ಒಳಗೆ ಬಂದರು. ಊಟಕ್ಕೆ ಕೂತು, ಸಾರಿಗೆ ಅನ್ನ ಕಲಸಿ ಹಾಗೆಯೇ ಬಿಟ್ಟರು. "ವಾಸುವಿಗೆ ಹೇಳಿ ಕಳಿಸು. ನಾಳೆ ಸಂಜೆ ಬಂದು ಹೋಗಲಿ," ಎಂದರು. ಯಾಕೆ ಎಂದು ನಾನು ಕೇಳಲಿಲ್ಲ.

ಸೋಮವಾರದ ಪೂಜೆ ಮಾತ್ರ ಬಿಡಲಿಲ್ಲ. ಬೆಳಕು ಹರಿಯುವ ಮುಂಚೆ ಕೊಟ್ಟಾರದವರೆಗೆ ನಡೆದು, ಅಲ್ಲಿ ಒಂದು ಖಾಲಿ ಹಂಚಿನ ಲಾರಿಗೆ ಕೈ ಅಡ್ಡ ಹಿಡಿದು, ಹಿಂದೆ ನಿಂತುಕೊಂಡು ಹೋದರಂತೆ. ದೇವರಿಗೆ ತಡವಾಯಿತು. ಶಾಲೆಗೂ ತಡವಾಯಿತು. ಸಂಜೆ ನಾನು ಒಗೆಯಲು ತೆಗೆದುಕೊಂಡ ಪಂಚೆಯಲ್ಲಿ ಕೆಂಪು ಹಂಚಿನ ಪುಡಿ. ನನಗೆ ಕಣ್ಣು ತುಂಬಿ ಬಂತು. ಅದು ಆಮೇಲಿನ ಮಾತು. ಅದಕ್ಕಿಂತ ಮುಂಚೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಬೇಲಿಯ ಹತ್ತಿರ ನಡೆದದ್ದು ಕೇಳಿ.

ಸೆವೆರಿನ್ ಬಾಯಿ ಕರಿಬೇವಿಗೆ ಬಂದಿದ್ದರು. ಮುಖ ಸಪ್ಪಗಿತ್ತು.

"ನಮ್ಮವರಿಗೆ ನಿದ್ರೆಯೇ ಇಲ್ಲ ಅಮ್ಮ. ತಿರುಗಿ ತಿರುಗಿ ಅದೇ. ‘ನಾನು ಸರಿಯಾಗಿ ಹೇಳಿ ಹೋಗಿದ್ದೆ, ಭಟ್ರು ಸರಿಯಾಗಿ ಮಾಡಿದ್ದಾರೆ, ಮತ್ತೆ ಹೇಗೆ ಹೋಯ್ತು?’ ಅಂತ. ತಮ್ಮ ಕೈಯಿಂದಲೇ ಹಾಳಾಯ್ತು ಅಂತ ಬೇಜಾರು."

"ಇವರಿಗೂ ಹಾಗೆಯೇ," ಎಂದೆ. "ಪೊರ್ಬುಗಳು ಹೇಳಿದ ಹಾಗೆಯೇ ಮಾಡಿದೆ ಅಂತ ಹೇಳ್ತಾರೆ. ಬಲಗಡೆಯ ವಯರು ಕಬ್ಬಿಣಕ್ಕೆ ತಾಗದ ಹಾಗೆ ಬಟ್ಟೆ ಸುತ್ತಿದ್ದಾರೆ. ನಾನೇ ನೋಡಿದ್ದೇನೆ."

"ಬಲಗಡೆಯದ್ದಾ?"

"ಹೌದು ಬಾಯಿ. ಪೊರ್ಬುಗಳು ಜಗಲಿಯಿಂದ ಕೂಗಿ ಹೇಳಿದ್ದು ಅದೇ ಅಲ್ವಾ? ಬಲಗಡೆಯ ವಯರು ಕಬ್ಬಿಣಕ್ಕೆ ತಾಗಬಾರದು ಅಂತ."

ಬಾಯಿ ನನ್ನನ್ನೇ ನೋಡಿದರು. "ಬಲ ಅಂತ ಯಾರು ಹೇಳಿದ್ದು? ನಾನು ಪಕ್ಕದಲ್ಲೇ ಇದ್ದೆ. ಉಜ್ಯಾಚಿ ವಯರ್ ಕಬ್ಬಿಣಕ್ಕೆ ತಾಗ್ಬಾರ್ದು ಅಂತ ಹೇಳಿದ್ದು."

"ಉಜ್ವಿ ಅಂದರೆ ನಿಮ್ಮ ಕೊಂಕಣಿಯಲ್ಲಿ ಬಲ ಅಲ್ವಾ?"

"ಉಜ್ವಿ ಅಂದರೆ ಬಲ. ಉಜೊ ಅಂದರೆ ಬೆಂಕಿ. ಉಜ್ಯಾಚಿ ಅಂದರೆ ಬೆಂಕಿಯದ್ದು ಅಮ್ಮ. ಬೆಂಕಿಯ ವಯರು. ಬೊಂಬಾಯಿಯ ಆ ಗ್ಯಾರೇಜಿನಲ್ಲಿ ಕಿಡಿಗೆ ಹಾಗೇ ಹೇಳ್ತಿದ್ರಂತೆ."

ನಾವಿಬ್ಬರೂ ಒಟ್ಟಿಗೆ ಗೋಡೆಯ ಹತ್ತಿರದ ಗೋಣಿಯ ಕಡೆ ತಿರುಗಿದೆವು.

ಗಾಡಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. (ನನಗೂ ಸೋಮವಾರದವರೆಗೆ ಗೊತ್ತಿರಲಿಲ್ಲ.) ಇಂಥ ಹಳೆಯ ಗಾಡಿಗಳಿಗೆ ಕೀಲಿಕೈ ಇಲ್ಲ. ಇಂಜಿನ್ ನಿಲ್ಲಿಸಲು ಹ್ಯಾಂಡಲಿನಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕಿಡಿಯ ವಯರು ಗಾಡಿಯ ಕಬ್ಬಿಣಕ್ಕೆ ತಾಗುತ್ತದೆ, ಕಿಡಿ ಸಾಯುತ್ತದೆ, ಇಂಜಿನ್ ನಿಲ್ಲುತ್ತದೆ. ಬಲಗಡೆಯಿಂದ ಬಂದದ್ದು ಲೈಟಿನ ಅರ್ತ್ ವಯರು. ಅದು ಕಬ್ಬಿಣಕ್ಕೆ ತಾಗಲೇಬೇಕು. ಎಡಗಡೆಯದ್ದು ಬೆಂಕಿಯ ವಯರು. ಗುಂಡಿ ಒತ್ತದೆ ಅದು ತಾಗಲೇಬಾರದು. ಇವರು ಅದನ್ನೇ ಬೋಲ್ಟಿನ ಕೆಳಗಿಟ್ಟು ಜನ್ಮಕ್ಕೂ ಬಿಡದ ಹಾಗೆ ಬಿಗಿದಿದ್ದರು. ಅಂದರೆ ಭಾನುವಾರ ಸಂಜೆ ಇಬ್ಬರೂ, ಒಂದು ಕೈಯಲ್ಲಿ ಇಂಜಿನಿನ ಬಾಯಿ ಮುಚ್ಚಿ ಹಿಡಿದು, ಮಾತಾಡು ಮಾತಾಡು ಎಂದು ಅದನ್ನು ಒದ್ದಿದ್ದರು.

ಬಾಯಿ ನಗಲು ಶುರು ಮಾಡಿದರು. ನಾನೂ. ಮಡಿಲಿನ ಕರಿಬೇವೆಲ್ಲ ಚೆಲ್ಲಿತು.

"ಅಲ್ಲ ಬಾಯಿ," ಎಂದೆ, "ಅರ್ಥ ಆಗದಿದ್ದರೆ ‘ಎಂತ?’ ಅಂತ ಒಂದು ಮಾತು ಕೇಳಬಹುದಿತ್ತಲ್ಲ ಇವರು?"

"ಭಟ್ರು ಕೇಳಿದ್ದಾರಲ್ಲ. ಆಯ್ತು ಪೊರ್ಬುಗಳೇ ಅಂತ ಹೇಳಿದ್ದಾರೆ."

"ಕಿವಿಯಿಂದ ಕೇಳಿದ್ದಾರೆ. ಬಾಯಿಯಿಂದ ಕೇಳಲಿಲ್ಲ. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ಒಂದು ಮಾಡಿದರೆ ಇನ್ನೊಂದೂ ಆಯಿತು ಅಂತ ತಿಳಿದುಕೊಳ್ತಾರೋ ಏನೋ."

"ನಮ್ಮ ಕೊಂಕಣಿಯಲ್ಲಿ ಎರಡಕ್ಕೂ ಬೇರೆ ಬೇರೆ ಮಾತು ಉಂಟು."

"ಹಾಗಾದರೆ ನಿಮ್ಮವರು ಕೇಳ್ತಾರಾ?"

ಬಾಯಿ ಸ್ವಲ್ಪ ಯೋಚಿಸಿ ಹೇಳಿದರು. "ಎರಡೂ ಇಲ್ಲ."

ನಗು ಮುಗಿದ ಮೇಲೆ ನನಗೆ ಇವರ ಬಗ್ಗೆ ಪಾಪ ಎನಿಸಿತು. ಇಷ್ಟು ವರ್ಷದ ನೆರೆಮನೆ. ಪೊರ್ಬುಗಳ ಕೊಂಕಣಿ ತಮಗೆ ಅರ್ಥವಾಗುತ್ತದೆ ಎಂಬುದು ಇವರಿಗೊಂದು ಅಭಿಮಾನ, ಪೊರ್ಬುಗಳಿಗೂ ಅದೊಂದು ಸಂತೋಷ. ಅರ್ಥವಾಗಲಿಲ್ಲ ಎಂದು ಕೇಳಿದರೆ ಪೊರ್ಬುಗಳಿಗೆ ಬೇಸರವಾದೀತೇನೋ ಎಂಬ ದಾಕ್ಷಿಣ್ಯ. ನಾವೆಲ್ಲ ಹೀಗೆಯೇ ಅಲ್ಲವೇ? ಮನೆಯಲ್ಲಿ ಒಂದು, ಬೇಲಿಯಾಚೆ ಒಂದು, ಮೀನುಪೇಟೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು. ಎಲ್ಲ ಭಾಷೆಯೂ ಗೊತ್ತು ಎಂಬ ಧೈರ್ಯದಲ್ಲಿ ಅರ್ಧ ಕೇಳಿ ತಲೆ ಆಡಿಸುತ್ತೇವೆ. ಉಳಿದ ಅರ್ಧವನ್ನು ನಮಗೆ ಬೇಕಾದ ಹಾಗೆ ತುಂಬಿಸಿಕೊಳ್ಳುತ್ತೇವೆ. ಹೆಚ್ಚಿನ ದಿನ ನಡೆದುಹೋಗುತ್ತದೆ. ಮನುಷ್ಯರು ಹೊಂದಿಸಿಕೊಳ್ಳುತ್ತಾರೆ. ಮ್ಯಾಗ್ನೆಟೊ ಹೊಂದಿಸಿಕೊಳ್ಳುವುದಿಲ್ಲ.

ಸಂಜೆ ಇವರು ಶಾಲೆಯಿಂದ ಬಂದಾಗ ಪೊರ್ಬುಗಳು ಅಂಗಡಿಯಿಂದ ಬೇಗ ಬಂದು ಅಂಗಳದಲ್ಲಿ ಕಾಯುತ್ತಿದ್ದರು. ಬಾಯಿ ಎಲ್ಲ ಹೇಳಿದ್ದರು. ಬೋಲ್ಟು ಬಿಚ್ಚಿದರು. ವಯರು ಅದಲು ಬದಲಾಯಿತು. ಸೀರೆಯ ತುಂಡು ಬಲದಿಂದ ಎಡಕ್ಕೆ ಹೋಯಿತು. "ಹೊಡೀರಿ ಭಟ್ರೇ," ಎಂದರು.

ಒಂದೇ ಕಿಕ್ಕು. ಗಾಡಿ ಗುಡುಗಿತು. ಹಿಂದಿನ ಮನೆಯಲ್ಲಿ ಹಸು ಹಗ್ಗ ಜಗ್ಗಿದ್ದು ಕೇಳಿಸಿತು.

"ಬಲಗಡೆ ಅಂತ ಹೇಳಿದ್ದಲ್ವಾ ನೀವು?" ಎಂದು ಇವರು ಸದ್ದಿನ ನಡುವೆ ಕೇಳಿದರು.

"ನಿಮಗೆ ಕೊಂಕಣಿ ಬರ್ತದೆ ಅಂತ ನಾನು ಊರಿಡೀ ಹೇಳಿಕೊಂಡು ಬಂದಿದ್ದೇನೆ ಭಟ್ರೇ. ನನ್ನ ಮಾನ ತೆಗೆದ್ರಿ."

ಅದೇ ಹೊತ್ತಿಗೆ ವಾಸು ಗೇಟು ತೆರೆದು ಒಳಗೆ ಬಂದ. ಹೇಳಿ ಕಳಿಸಿದ್ದೆನಲ್ಲ. ಇವರು ಇಂಜಿನ್ ನಿಲ್ಲಿಸಿದರು. ಮುಖದ ನಗುವೂ ಅದರೊಟ್ಟಿಗೆ ನಿಂತಿತು. ಗಾಡಿ ಸರಿಯಾಗಿದೆ, ಹ್ಯಾಂಡಲ್ ಎದೆಯ ಮಟ್ಟಕ್ಕೆ ಬಂದಿದೆ, ಪೂಜೆ ನಾನೇ ಮಾಡುತ್ತೇನೆ, ನೀನು ಹೋಗು ಎಂದು ಹೇಳಿ ಮುಗಿಸಬಹುದಿತ್ತು. ಹಾಗೆಯೇ ಹೇಳುತ್ತಾರೆ ಎಂದು ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಇವರು ಸ್ವಲ್ಪ ಹೊತ್ತು ಎಡಗಡೆಯ ವಯರನ್ನು ನೋಡಿದರು. ಆಮೇಲೆ ತಲೆ ಎತ್ತಿ ಕೇಳಿದರು.

"ವಾಸು, ಅವತ್ತು ನೀನು ಹೇಳಿದ್ದು ಎಂತ? ಇನ್ನೊಮ್ಮೆ ಹೇಳು ನೋಡುವ."

"ಯಾವತ್ತು ಚಿಕ್ಕಪ್ಪ?"

"ಚಪ್ಪಲಿ ಹಾಕುವಾಗ. ಈ ತಿಂಗಳು ಬಿಟ್ಟುಬಿಡಿ ಅಂತ ಹೇಳಿದೆಯಲ್ಲ. ಎಂತದನ್ನು ಬಿಡುವುದು?"

ವಾಸು ಚಿಕ್ಕಪ್ಪನನ್ನು ನೋಡಿದ. ಎದ್ದು ನಿಂತ ಹ್ಯಾಂಡಲ್ಲನ್ನು ನೋಡಿದ. ಬಾಗಿಲಲ್ಲಿದ್ದ ನನ್ನ ಮುಖವನ್ನೂ ಒಮ್ಮೆ ನೋಡಿದ.

"ಬೈಕು," ಎಂದ. "ಬೈಕು ಓಡಿಸುವುದನ್ನು ಬಿಡಿ ಅಂತ. ನಾನು ಬೆಳಿಗ್ಗೆ ಬಂದು ಕರೆದುಕೊಂಡು ಹೋಗ್ತೇನೆ, ನೀವು ಹಿಂದೆ ಕೂತರೆ ಸಾಕು."

"ಪೂಜೆಯ ವಿಷಯ ಅಲ್ವಾ?"

"ನಿಮ್ಮ ಸರದಿಯಲ್ಲಿ ನಾನು ಎಂತ ಪೂಜೆ ಮಾಡುವುದು ಚಿಕ್ಕಪ್ಪ? ನನ್ನ ಸ್ವರ ಸರಿ ಇಲ್ಲ ಅಂತ ಮನೆಮನೆಯಲ್ಲಿ ಹೇಳಿಕೊಂಡು ಬರುವವರು ನೀವೇ ಅಲ್ವಾ?"

"ಸರಿ ಇಲ್ಲ, ನಿಜ," ಎಂದರು ಇವರು. ಬಹಳ ಸಮಾಧಾನದಿಂದ ಹೇಳಿದರು.

ಅವನು ಅವತ್ತು ನಿಜವಾಗಿಯೂ ಬೈಕಿನ ಮಾತನ್ನೇ ಆಡಿದ್ದನೇ? ಉತ್ತರ ಕೊಡುವ ಮುಂಚೆ ಅವನು ಅಷ್ಟು ತಡೆದದ್ದೇಕೆ? ಕಾಫಿ ಕೊಡುವಾಗ ಕೇಳಬಹುದಿತ್ತು. ಕೇಳಲಿಲ್ಲ. (ಎಲ್ಲವನ್ನೂ ಕೇಳಬೇಕು ಎಂದು ನಾನು ಎಲ್ಲಿ ಬರೆದಿದ್ದೇನೆ?) ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ.

ಈಗ ದಿನಾ ಬೆಳಿಗ್ಗೆ ಕೊಟ್ಟಾರದಿಂದ ವಾಸು ಸೈಕಲ್ಲಿನಲ್ಲಿ ಬಂದು ನಮ್ಮ ಗಾಡಿ ಹತ್ತುತ್ತಾನೆ. ಅವನು ಗಿಡ್ಡ. ಎತ್ತರದ ಹ್ಯಾಂಡಲ್ ಹಿಡಿದರೆ ಪೊಲೀಸರ ಮುಂದೆ ಕೈ ಎತ್ತಿ ನಿಂತವನ ಹಾಗೆ ಕಾಣುತ್ತಾನೆ. "ಚಿಕ್ಕಮ್ಮ, ಭುಜ ನೋಯ್ತದೆ," ಎಂದು ನಿನ್ನೆ ನನ್ನ ಹತ್ತಿರ ಗುಟ್ಟಾಗಿ ಹೇಳಿದ. ಅವನಿಗೂ ಎಣ್ಣೆ ಬಿಸಿ ಮಾಡಿ ಕೊಟ್ಟೆ. ಹಿಂದೆ ಇವರು ಮಡಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂರುತ್ತಾರೆ. ದಾರಿಯುದ್ದಕ್ಕೂ ಅವನಿಗೆ ಮಂತ್ರದ ಸ್ವರ ತಿದ್ದುತ್ತಾರಂತೆ. ಗಾಡಿ ಓಣಿ ದಾಟುವವರೆಗೆ ನನಗೂ ಕೇಳಿಸುತ್ತದೆ. ಹಿಂದಿನಿಂದ ಇವರು ಏನೋ ಹೇಳುತ್ತಾರೆ. ಮುಂದಿನಿಂದ ಅವನು "ಎಂತ?" ಎನ್ನುತ್ತಾನೆ. ಇವರು ಇನ್ನೊಮ್ಮೆ ಹೇಳುತ್ತಾರೆ. ಅವನು ಏನೋ ಉತ್ತರ ಕೊಡುತ್ತಾನೆ. ಈಗ ಇವರು "ಎಂತ?" ಎನ್ನುತ್ತಾರೆ.

ಒಂದೇ ಮನೆತನದ ಇಬ್ಬರು ಗಂಡಸರು ಒಬ್ಬರ ಮಾತನ್ನು ಒಬ್ಬರು ಸರಿಯಾಗಿ ಕೇಳಬೇಕಾದರೆ ನಡುವೆ ಇಷ್ಟೊಂದು ಸದ್ದು ಇರಬೇಕೇ?